ಹೊಳವಿನ ದಿನದ ಲೆಕ್ಕ

ಜುಲೈ 9, 2024. ಪುನರ್ವಸು ಮಳೆ. ಬೆಳಿಗ್ಗೆ ಏಳಕ್ಕೆ ಮಾಪಕದಲ್ಲಿ 74 ಮಿ.ಮೀ. ಬಾವಿಕಟ್ಟೆಯ ಮೇಲೆ ಮಡಿವಾಳ ಹಕ್ಕಿ ಇಲ್ಲ. ಹಲಸಿನ ಮರದ ಒಣ ಟೊಂಗೆಯಲ್ಲಿ ಕಾಜಾಣ ಒಂದು. ಬಾಲದ ಎರಡೂ ಗರಿ ನೆನೆದು ದಾರದಂತೆ ಜೋತಿವೆ. ಆಳು ಬಂದಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಬರೆಯುತ್ತಿರುವ ನನ್ನ ದಿನಚರಿಯಲ್ಲಿ ಮಳೆಯ ಅಳತೆ, ಕಂಡ ಹಕ್ಕಿ, ಬಿಟ್ಟ ಹೂವು ಎಲ್ಲ ಮುಗಿದ ಮೇಲೆ ಈ ಎರಡು ಪದ ಎಷ್ಟು ಸಲ ಬಂದಿವೆಯೋ. ಸಿದ್ದಾಪುರ ಸೀಮೆಯಲ್ಲಿ ತೋಟಿಗರ ಯಾವ ಮನೆಯ ಜಗಲಿಯಲ್ಲಿ ಕೂತರೂ ಒಂದು ಕವಳ ಹಾಕುವಷ್ಟರಲ್ಲಿ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ: ಆಳು ಸಿಗೋದಿಲ್ಲ. ಮದುವೆ ಮನೆಯಲ್ಲೂ ಅದೇ, ಸೊಸೈಟಿಯ ಕಟ್ಟೆಯ ಮೇಲೂ ಅದೇ. ನಾನೂ ಹೇಳುತ್ತಿದ್ದೆ. ಆ ಬೆಳಿಗ್ಗೆ, ನಮ್ಮ ಮೆತ್ತಿನ ಕೋಣೆಗೆ ಬಾಡಿಗೆಗೆ ಬಂದು ಒಂದು ವಾರವಾಗಿದ್ದ ಹುಡುಗಿ ಕಷಾಯದ ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ದಿನಚರಿಯನ್ನು ಇಣುಕಿ ನೋಡಿದವಳೇ ಕೇಳಿದಳು: "ಆಳು ಸಿಗಂಗಿಲ್ಲ ಅಂತೀರಲ್ರೀ ಸರ, ಯಾವತ್ತ ಸಿಗಂಗಿಲ್ಲ?"

ಗದಗದ ಕಡೆಯ ಹುಡುಗಿ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯವೇನು ಎಂದು ಕೇಳಿದ್ದಕ್ಕೆ ದೊಡ್ಡ ಶೀರ್ಷಿಕೆಯೇನೂ ಹೇಳಲಿಲ್ಲ. ಹಳ್ಳಿಯಲ್ಲಿ ಕೂಲಿ ಕೆಲಸ ಯಾವ ದಿನ ಇರುತ್ತದೆ, ಯಾವ ದಿನ ಇರುವುದಿಲ್ಲ, ಇಲ್ಲದ ದಿನ ಜನ ಏನು ಮಾಡುತ್ತಾರೆ, ಅಷ್ಟೇ ಎಂದಳು. ಅದಕ್ಕೆ ಇಲ್ಲಿಯವರೆಗೆ ಯಾಕೆ ಬರಬೇಕು? ಅವಳ ಊರಿನಲ್ಲಿ ಬೇಸಿಗೆ ಬಂತೆಂದರೆ ಕೆಲಸವಿಲ್ಲವೆಂದು ಎಲ್ಲರಿಗೂ ಗೊತ್ತು. ನೆಲ ಒಣಗಿದ್ದು ಕಣ್ಣಿಗೆ ಕಾಣುತ್ತದೆ. "ಇಲ್ಲಿ ಎಲ್ಲಾ ಹಸುರ ಐತ್ರೀ. ಹಸುರನ್ಯಾಗ ಖಾಲಿ ದಿನ ಕಾಣಂಗಿಲ್ಲ" ಎಂದಳು. ಆ ಮಾತು ನನಗೆ ಹಿಡಿಸಿತು. ಹಕ್ಕಿ ನೋಡುವವನಿಗೆ ಮಳೆಗಾಲದ ಕಾಡಿನ ಕಷ್ಟ ಗೊತ್ತಿರುತ್ತದೆ. ಎಲೆ ದಟ್ಟವಾದಷ್ಟೂ ಇರುವುದು ಕಾಣುವುದಿಲ್ಲ, ಇಲ್ಲದ್ದು ಇದೆಯೆಂದು ಭ್ರಮೆಯಾಗುತ್ತದೆ.

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಯಾವತ್ತು ಸಿಗುವುದಿಲ್ಲ? ಬೇಕಾದಾಗ. ಬೇಕಾಗುವುದು ಯಾವಾಗ? ಅದನ್ನು ಹೇಳಬೇಕಾದರೆ ಕೊಳೆರೋಗದ ಕತೆ ಹೇಳಬೇಕು.

ಅಡಿಕೆ ಮರದ ನೆತ್ತಿಯಲ್ಲಿ ಎಳೆಗಾಯಿ ತೂಗುವ ಹೊತ್ತಿಗೇ ಮಲೆನಾಡಿನ ಮಳೆ ಬರುತ್ತದೆ. ಜಿಟಿಜಿಟಿ ಮಳೆ, ನಡುವೆ ಒಂದಿಷ್ಟು ಬಿಸಿಲು, ಮತ್ತೆ ಮಳೆ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗೆ ಇದಕ್ಕಿಂತ ಒಳ್ಳೆಯ ಹವೆ ಇಲ್ಲ. ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಕಾಣುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಕಾಯಿಯ ಮೈಮೇಲೆ ಬಿಳಿ ಬೂಷ್ಟು, ಮರದ ಬುಡದಲ್ಲಿ ಉದುರಿದ ರಾಶಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಬೆನ್ನು ಹತ್ತಿ 1910ರಲ್ಲಿ ಅದರ ಬಗ್ಗೆ ಬರೆದರು. ನಮ್ಮ ಅಜ್ಜಂದಿರ ಕಾಲದಲ್ಲಿ ಹಾಳೆಯ ಕೊಟ್ಟೆ ಕಟ್ಟಿ ಕೊನೆಯನ್ನು ಮಳೆಯಿಂದ ಮುಚ್ಚುತ್ತಿದ್ದರು. ಕೋಲ್ಮನ್ ನಂತರ ಬೋರ್ಡೋ ದ್ರಾವಣ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ.

ಹೊಡೆಯುವುದಕ್ಕೆ ಮರ ಒಣಗಿರಬೇಕು, ಹೊಡೆದ ಮೇಲೂ ಒಂದೆರಡು ತಾಸು ಮಳೆ ಬರಬಾರದು. ಜುಲೈ ತಿಂಗಳಲ್ಲಿ ಅಂಥ ಹೊತ್ತು ಸಿಗುವುದು ಅಪರೂಪ. ನಮ್ಮ ಕಡೆ ಅದಕ್ಕೆ ಹೊಳವು ಎನ್ನುತ್ತಾರೆ. ಮಳೆ ಕಡಿದು, ಮೋಡ ಸಡಿಲಾಗಿ, ಬೆಟ್ಟದ ಅಂಚು ಕಾಣುವ ಒಂದು ಹೊತ್ತು ಅಥವಾ ಒಂದು ದಿನ. ಹೊಳವು ಎಲ್ಲರ ತೋಟಕ್ಕೂ ಒಟ್ಟಿಗೇ ಬರುತ್ತದೆ. ಮರ ಹತ್ತುವ ಕೊನೆಗೌಡರು ನಮ್ಮ ಸುತ್ತಿನ ಊರುಗಳಲ್ಲಿ ಬೆರಳೆಣಿಕೆಯಷ್ಟು.

ಜುಲೈ 12ರಂದು ಹೊಳವಾಯಿತು. ಬೆಳಿಗ್ಗೆ ಆರೂವರೆಗೆ ಕುಟ್ರುಹಕ್ಕಿ ಕೂಗಲು ಶುರುಮಾಡಿದಾಗಲೇ ನನಗೆ ಅನುಮಾನ ಬಂದಿತ್ತು. ಎಂಟು ಗಂಟೆಗೆ ನಮ್ಮ ಕೊನೆಗೌಡ ಬಂದ. ಬಂದವನ ಮೊದಲ ಮಾತೇ, "ನಾಕು ಮನೆಯಿಂದ ಫೋನು ಬಂತು ಹೆಗಡೇರೆ. ನಾ ಒಬ್ಬ ಎಷ್ಟು ಮರ ಹತ್ಲಿ?" ಹುಡುಗಿ ಕಾದಿಗೆ ದಾಟಿ ಒಂದು ಕಲ್ಲಿನ ಮೇಲೆ ನಿಂತಳು, ಕಾಲಿಗೆ ಉಪ್ಪು ಸವರಿಕೊಂಡು. ಉಂಬಳ ಹತ್ತಿದ್ದು ಮಾತ್ರ ನನಗೆ.

ಅವನು ಕೆಲಸ ಮಾಡುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಅವಳ ಜೊತೆಗೆ ನಿಂತು ನೋಡಿದ ಮೇಲೆಯೇ ಕೆಲವು ಸಂಗತಿ ಕಣ್ಣಿಗೆ ಬಿದ್ದವು. ಮೊದಲು ಅವನು ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿದ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಸಿಂಗಾರ ಸುಡುತ್ತದೆ. ಇನ್ನೆರಡು ಹಿಡಿ ಸುಣ್ಣ ಹಾಕಿಸಿದ. ಕಾಲಿಗೆ ತಳೆ ಸಿಕ್ಕಿಸಿ, ಪಾಚಿಗಟ್ಟಿದ ಮರವನ್ನು ಎರಡು ಅಂಗೈಯಿಂದ ತಬ್ಬಿ, ಕಾಲು ಕುಗ್ಗಿಸಿ ಹಿಗ್ಗಿಸಿ ಮೇಲೇರಿದ. ಒಂದು ಮರಕ್ಕೆ ಹೊಡೆದಾದ ಮೇಲೆ ಇಳಿಯಲಿಲ್ಲ. ಮರವನ್ನೇ ತೂಗಿ ತೂಗಿ ಬಾಗಿಸಿ, ಪಕ್ಕದ ಮರದ ಸೋಗೆ ಕೈಗೆ ಸಿಕ್ಕ ಗಳಿಗೆಯಲ್ಲಿ ಆಚೆ ದಾಟಿದ. ಬಿಟ್ಟ ಮರ ಹಿಂದಕ್ಕೆ ಸರಿದು ಹನಿಗಳನ್ನೆಲ್ಲ ಕೊಡವಿಕೊಂಡಿತು. ಕೆಳಗಿನಿಂದ ನೋಡಿದರೆ ಬಲು ಸಲೀಸು. ಹುಡುಗಿ ಸುಮ್ಮನೆ ಮರದ ಎಣಿಕೆ ಮಾಡುತ್ತಿದ್ದಳು, ಕೈಯಲ್ಲಿ ಪೆನ್ಸಿಲ್. ಹನ್ನೊಂದೂ ಕಾಲಿಗೆ ಮೋಡ ಕವಿಯಿತು. ಹನ್ನೊಂದೂವರೆಗೆ ಮಳೆ. ಗೌಡ ಇಳಿದು ಬಂದು ನಮ್ಮ ಕೊಟ್ಟಿಗೆಯ ಮಾಡಿನಡಿ ಕೂತು ಕವಳ ಹಾಕಿದ. ಬಾಕಿ ಮೂರು ಮನೆಯವರು ಅಂದು ಸಂಜೆ ತಂತಮ್ಮ ಜಗಲಿಯಲ್ಲಿ ಕೂತು ಏನು ಹೇಳಿರಬಹುದು ಎಂದು ಬೇರೆ ಬರೆಯಬೇಕಾಗಿಲ್ಲ.

ಅದಾಗಿ ಎಂಟು ದಿನ ಮಳೆ ಬಿಡಲಿಲ್ಲ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ವಾರ ಅದು. ಜುಲೈ 16ರಂದು ನನ್ನ ಮಾಪಕ ಎರಡು ಸಲ ತುಂಬಿತು. ಆ ಎಂಟು ದಿನವೂ ಹುಡುಗಿ ಕೊಡೆ ಹಿಡಿದುಕೊಂಡು ಹೊರಗೆ ಹೋಗುವುದು ತಪ್ಪಲಿಲ್ಲ. ಮಳೆಯಲ್ಲಿ ಯಾರನ್ನು ಹುಡುಕಿಕೊಂಡು ಹೋಗುತ್ತೀರಿ ಎಂದರೆ, "ಮಳೀ ದಿನಾನ ನನಗ ಬೇಕಾಗಿದ್ದು" ಎನ್ನುತ್ತಿದ್ದಳು.

ಅವಳ ಪುಸ್ತಕ ನೋಡಿದೆ. ಪ್ರತಿ ಮನೆಗೆ ಒಂದು ಹಾಳೆ, ಹಾಳೆಯ ತುಂಬ ಚೌಕ, ದಿನಕ್ಕೆ ಎರಡು ಚೌಕ: ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು. ನಾನು ಹಕ್ಕಿ ಎಣಿಸುವುದೂ ಹೀಗೆಯೇ. ಬಾವಿಯಿಂದ ಬೆಟ್ಟದ ಬೇಲಿಯ ತನಕ ಒಂದೇ ದಾರಿ, ಒಂದೇ ಹೊತ್ತು, ಕಂಡರೂ ಬರೆ, ಕಾಣದಿದ್ದರೂ ಬರೆ. ಕಾಣದ ದಿನ ಬರೆಯದೆ ಬಿಟ್ಟವನ ಪುಸ್ತಕದಲ್ಲಿ ಕಾಡು ಯಾವಾಗಲೂ ತುಂಬಿರುತ್ತದೆ. ಈ ಅರ್ಧ ದಿನದ ಚೌಕ ಅವಳ ಸ್ವಂತದ್ದಲ್ಲವಂತೆ. ಹಳ್ಳಿಯ ನಿರುದ್ಯೋಗವನ್ನು ಪಟ್ಟಣದ ಅಳತೆಗೋಲಿನಿಂದ ಅಳೆಯಲಾಗದು ಎಂದು 1970ರಲ್ಲಿ ದಾಂತವಾಲಾ ಸಮಿತಿ ಹೇಳಿತು. ಅದಾದ ಮೇಲೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಒಂದೊಂದು ದಿನವನ್ನೂ ಅರ್ಧರ್ಧ ಸೀಳಿ ಕೇಳಲು ತೊಡಗಿದರು. ನಾಲ್ಕು ತಾಸು ದುಡಿದರೆ ಒಂದು ದಿನ, ಅದಕ್ಕಿಂತ ಕಡಿಮೆಯಾದರೆ ಅರ್ಧ.

ಈಗ ಪತ್ರಿಕೆಗಳಲ್ಲಿ ಕಾಣುವ ನಿರುದ್ಯೋಗದ ಅಂಕಿ 2017ರಿಂದ ನಡೆಯುತ್ತಿರುವ ಪಿಎಲ್‌ಎಫ್‌ಎಸ್ ಎಂಬ ಸಮೀಕ್ಷೆಯದು. ಅದರಲ್ಲಿ ವಾರದ ಅಳತೆಯೊಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದೋ ಒಂದು ದಿನ ಒಂದೇ ಒಂದು ತಾಸು ಕೆಲಸ ಮಾಡಿದ್ದರೂ ಆ ವಾರಕ್ಕೆ ಅವನು ಉದ್ಯೋಗಿ. ಹುಡುಗಿ ಇದನ್ನು ಹೇಳಿದಾಗ ನಾನು ಗೌಡನ ಹಾಳೆ ತೆಗೆಯಲು ಹೇಳಿದೆ. ಜುಲೈ 12ರ ಬೆಳಗಿನ ಚೌಕದಲ್ಲಿ ನನ್ನ ತೋಟ. ಅಲ್ಲಿಂದ ಮುಂದೆ ಹದಿಮೂರು ಚೌಕ ಖಾಲಿ. ಆ ವಾರದ ಲೆಕ್ಕದಲ್ಲಿ ಗೌಡ ಉದ್ಯೋಗಿ.

ಅವಳು ಅವನಿಗೆ ಕೇಳಿಯೂ ಇದ್ದಳು, ಕೆಲಸ ಹುಡುಕಿದ್ದೆಯಾ ಎಂದು. "ಅಕ್ಕೋರೆ, ಮಳೆಲಿ ಯಾರಾದ್ರೂ ಕೆಲಸ ಹುಡುಕ್ತಾರಾ?" ಎಂದು ನಕ್ಕನಂತೆ. ಇಲ್ಲಿ ಕೆಲಸವನ್ನು ಯಾರೂ ಹುಡುಕುವುದಿಲ್ಲ. ಫೋನು ಬಂದರೆ ಕೆಲಸ, ಬರದಿದ್ದರೆ ಮನೆಯ ಸೋರುವ ಮಾಡಿಗೆ ಪ್ಲಾಸ್ಟಿಕ್ ಹೊದೆಸುವುದು, ಹಸುವಿಗೆ ಹಸಿಹುಲ್ಲು ಕೊಯ್ದು ತರುವುದು, ಬಲೆ ಹಿಡಿದು ಹಳ್ಳಕ್ಕೆ ಹೋಗುವುದು. ಕೇಳಿದವರಿಗೆ ಇದೆಲ್ಲ ಮನೆಗೆಲಸ, ಸ್ವಂತ ಉದ್ಯೋಗ ಅಥವಾ ವಿಶ್ರಾಂತಿ. ಹೀಗೆ ಖಾಲಿ ಚೌಕವೂ ಭರ್ತಿಯಾಗಿಬಿಡುತ್ತದೆ. ಉದ್ಯೋಗ ಖಾತ್ರಿ ಇರಲಿಲ್ಲವೇ ಎಂದು ಓದುವವರು ಕೇಳಬಹುದು. ಆ ವರ್ಷ ಕರ್ನಾಟಕದಲ್ಲಿ ಅದರ ದಿನಗೂಲಿ 349 ರೂಪಾಯಿ. ಇಂಥ ಮಳೆಯಲ್ಲಿ ಇಂಗುಗುಂಡಿ ತೋಡಿಸುವವರು ಯಾರು?

ಇಲ್ಲಿ ಒಂದು ಹಕ್ಕಿಯ ಸುದ್ದಿ ಹೇಳಬೇಕು. ಆ ವರ್ಷದ ಏಪ್ರಿಲ್‌ನಲ್ಲಿ, ಹುಡುಗಿ ಬರುವ ಮುಂಚೆ, ನಮ್ಮ ಬಾವಿಕಟ್ಟೆಯ ಮಡಿವಾಳ ಹಕ್ಕಿಯನ್ನು ಬೆಕ್ಕು ಹಿಡಿಯಿತು. ಗಂಡುಹಕ್ಕಿ. ಎರಡು ವರ್ಷದಿಂದ ಬೆಳಗಿನ ಜಾವ ತೆಂಗಿನ ಗರಿಯ ತುದಿಯಲ್ಲಿ ಹಾಡುತ್ತಿದ್ದದ್ದು. ಕಪ್ಪು ಬಿಳಿ ಗರಿಗಳು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಬಿದ್ದಿದ್ದವು. ಮರುದಿನ ಸದ್ದಿಲ್ಲ. ಮೂರನೆಯ ಬೆಳಿಗ್ಗೆ ಅದೇ ತೆಂಗಿನ ಗರಿಯ ಮೇಲೆ ಇನ್ನೊಂದು ಗಂಡು ಹಾಡುತ್ತಿತ್ತು. ಮೊದಲಿನದಕ್ಕಿಂತ ರಾಗ ಸ್ವಲ್ಪ ಮೋಟು. ಇಷ್ಟು ದಿನ ಇದು ಎಲ್ಲಿತ್ತು? ನನ್ನ ಎಣಿಕೆಯಲ್ಲಿ ಬಾವಿಯ ಸುತ್ತ ಒಂದೇ ಜೋಡಿ. ಜಾಗ ಸಿಗದೆ ಬೆಟ್ಟದ ಅಂಚಿನಲ್ಲಿ, ಹಾಡದೆ, ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದ ಹಕ್ಕಿ ಎಣಿಕೆಗೆ ಸಿಕ್ಕಿರಲಿಲ್ಲ.

ಪಕ್ಷಿಶಾಸ್ತ್ರದಲ್ಲಿ ಇದಕ್ಕೆ ಹಳೆಯ ಪ್ರಯೋಗವೇ ಇದೆ. ಜಾನ್ ಕ್ರೆಬ್ಸ್ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಜೋಡಿಗಳನ್ನು ಅವುಗಳ ಜಾಗದಿಂದ ತೆಗೆದು ನೋಡಿದರು. ತೆರವಾದ ಜಾಗಕ್ಕೆ ಬೇಲಿಸಾಲಿನಲ್ಲಿದ್ದ ಎಳೆಯ ಹಕ್ಕಿಗಳು ಬೇಗನೆ ಬಂದು ಸೇರಿದವು. ಪ್ರಬಂಧ ಬಂದದ್ದು 1971ರಲ್ಲಿ. ಹೊರಗೆ ಎಷ್ಟು ಕಾಯುತ್ತಿವೆ ಎಂದು ತಿಳಿಯಲು ಒಳಗಿರುವವನ್ನು ತೆಗೆದು ನೋಡಬೇಕು.

ಇದನ್ನು ಹೇಳುತ್ತಿದ್ದಂತೆ ಹುಡುಗಿಗೆ ಅನ್ನ ಕಲಸುವ ಕೈ ನಿಂತಿತು. ಅವರ ಶಾಸ್ತ್ರದಲ್ಲೂ ಯಾರೋ ಇದನ್ನೇ ಮಾಡಿದ್ದಾರಂತೆ, ಮನುಷ್ಯರಲ್ಲಿ, ಯಾರಿಗೂ ನೋವಾಗದ ಹಾಗೆ. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶ್ಯಾಮದಾಸಾನಿ ಎಂಬ ಮೂವರು ಒಡಿಶಾದ ಹಳ್ಳಿಗಳಲ್ಲಿ ಕೂಲಿ ಮಾಡುವವರ ಪೈಕಿ ಶೇ 24ರಷ್ಟು ಮಂದಿಗೆ ಹೊರಗೆ ಒಂದು ತಿಂಗಳ ಕೆಲಸ ಕೊಟ್ಟು, ಊರಿನ ಕೂಲಿ ಸಂತೆಯಿಂದ ಆಚೆ ಇಟ್ಟರು. ಸುಗ್ಗಿಯ ತಿಂಗಳಲ್ಲಿ ಹೀಗೆ ಮಾಡಿದಾಗ ಊರಿನ ಕೂಲಿ ಕೂಡಲೇ ಏರಿತು. ಕೆಲಸ ಕಡಿಮೆಯಿರುವ ತಿಂಗಳಲ್ಲಿ ಮಾಡಿದಾಗ ಏನೂ ಆಗಲಿಲ್ಲ. ಕೂಲಿ ಏರಲಿಲ್ಲ, ಊರಿನ ಒಟ್ಟು ಕೆಲಸವೂ ಇಳಿಯಲಿಲ್ಲ. ಹೋದವರ ಕೆಲಸವನ್ನು ಉಳಿದವರು ಮಾಡಿದರು. ಅಂದರೆ ಅಷ್ಟು ಮಂದಿ ಅದಕ್ಕೆ ಮುಂಚೆ ಬೇಲಿಸಾಲಿನಲ್ಲಿ ಕಾಯುತ್ತಿದ್ದರು. ಕೆಲಸವಿಲ್ಲದ್ದರಿಂದ ತಮ್ಮ ತುಂಡು ನೆಲದಲ್ಲಿ ಏನೋ ಮಾಡುತ್ತಿದ್ದವರು ಸಮೀಕ್ಷೆಯಲ್ಲಿ ಸ್ವಂತ ಉದ್ಯೋಗಿಗಳಾಗಿ ಕಾಣುತ್ತಿದ್ದರು. ಪ್ರಬಂಧ 2021ರಲ್ಲಿ ಪ್ರಕಟವಾಗಿದೆ. ಹಕ್ಕಿಯವರೂ ಕೂಲಿಯವರೂ ಐವತ್ತು ವರ್ಷದ ಅಂತರದಲ್ಲಿ ಒಂದೇ ಉಪಾಯಕ್ಕೆ ಬಂದರಲ್ಲ ಎಂದು ನನಗೆ ಅವತ್ತು ಊಟ ಸೇರಲಿಲ್ಲ, ಖುಷಿಗೆ.

ಮನುಷ್ಯರನ್ನು ಹಕ್ಕಿಗೆ ಹೋಲಿಸಿದ್ದು ಸರಿಯಲ್ಲ ಎನ್ನುವವರಿದ್ದಾರೆ. ನನ್ನ ಮನೆಯಾಕೆಯೇ ಅಂದಳು. ಒಪ್ಪುತ್ತೇನೆ. ಹಕ್ಕಿ ನನ್ನ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳುವುದಿಲ್ಲ, ಗೌಡ ಕೇಳಿದ. ಒಂದು ದಿನ ಹುಡುಗಿಯ ಕೈಯಿಂದ ಪುಸ್ತಕ ಇಸಿದುಕೊಂಡು ತನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಚೌಕದ ಮೇಲೆ ಬೆರಳಿಟ್ಟು, "ಅಂದು ಅರ್ಧ ದಿನ ಅಲ್ಲ ಅಕ್ಕೋರೆ, ಮುಕ್ಕಾಲು" ಎಂದ. ಅವಳು ರಬ್ಬರಿನಿಂದ ಅಳಿಸಿ ತಿದ್ದಿದಳು.

ಕೂಲಿ ಎಷ್ಟು ಎಂಬ ಪ್ರಶ್ನೆಯಲ್ಲಿ ಹುಡುಗಿ ಬಹಳ ದಿನ ಸಿಕ್ಕಿಹಾಕಿಕೊಂಡಳು. ಚಾ ಅಂಗಡಿಯ ಬೆಂಚಿನ ಮೇಲೆ ಐದಾರು ಜನ ಕೂತಾಗ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ದರ. ನನ್ನಂಥವನು ಎದುರಿಗಿದ್ದರಂತೂ ಅದಕ್ಕಿಂತ ಒಂದು ರೂಪಾಯಿ ಆಚೀಚೆ ಇಲ್ಲ. ಒಬ್ಬೊಬ್ಬರ ಮನೆಯಂಗಳದಲ್ಲಿ, ಮಳೆಯ ಸದ್ದಿನಲ್ಲಿ ಕೇಳಿದಾಗ ಮಾತು ಸ್ವಲ್ಪ ಸಡಿಲಾಗುತ್ತಿತ್ತು. ಆಷಾಢದಲ್ಲಿ ಕೈ ಖಾಲಿಯಾದಾಗ ಕಡಿಮೆಗೂ ಹೋಗಬಹುದಿತ್ತು ಎಂದು ಒಬ್ಬ ಹೇಳಿದನಂತೆ. ಹಾಗಿದ್ದರೆ ಹೋಗಲಿಲ್ಲವೇಕೆ? "ನಾಳೆ ಅವರ ಮುಖ ನೋಡೂದು ಬ್ಯಾಡ್ವಾ?" ಅವರು ಎಂದರೆ ನಾನಲ್ಲ, ಬೆಂಚಿನ ಮೇಲೆ ಕೂತಿದ್ದವರು. ಬ್ರೆಜಾ ಮತ್ತು ಕೌರ್ ಇನ್ನೊಬ್ಬ ಸಹಲೇಖಕಿಯೊಂದಿಗೆ ಮಾಡಿದ ಬೇರೊಂದು ಪ್ರಯೋಗದಲ್ಲೂ ಇದೇ ಕಂಡಿದೆ. ಊರಿನ ದರಕ್ಕಿಂತ ಕಡಿಮೆ ಕೂಲಿಯ ಕೆಲಸವನ್ನು ಗುಟ್ಟಾಗಿ ಕೇಳಿದರೆ ಒಪ್ಪುವವರಿದ್ದರು. ಉಳಿದ ಕೂಲಿಗಳಿಗೆ ಗೊತ್ತಾಗುವ ಹಾಗೆ ಕೇಳಿದರೆ ಒಪ್ಪುವವರು ಇಲ್ಲವೆನ್ನುವಷ್ಟು ಕಡಿಮೆ. ಸಂಘವಿಲ್ಲ, ಬಾವುಟವಿಲ್ಲ. ಮುಖ ನೋಡುವ ಒಂದು ನಾಚಿಕೆ ಕೂಲಿಯನ್ನು ಹಿಡಿದು ನಿಲ್ಲಿಸಿದೆ.

ಇದೇ ಸುಪ್ರೀತ್ ಕೌರ್ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡುವಾಗಲೇ ಹಿಡಿದ ಇನ್ನೊಂದು ಎಳೆ ಮಳೆಯದು. ಹಾಗಾಗಿ ನನಗೆ ಹೆಚ್ಚು ಹತ್ತಿರದ್ದು. ಭಾರತದ ಜಿಲ್ಲೆಗಳ ದಶಕಗಟ್ಟಲೆ ಮಳೆ ಮತ್ತು ಕೂಲಿಯ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮಳೆ ಚೆನ್ನಾದ ವರ್ಷ ಕೂಲಿ ಏರುತ್ತದೆ. ಮರುವರ್ಷ ಬರ ಬಿದ್ದರೆ ಇಳಿಯುವುದಿಲ್ಲ, ಏರಿದಲ್ಲೇ ನಿಲ್ಲುತ್ತದೆ. ಇಳಿಯುವುದು ಕೆಲಸದ ದಿನಗಳು. ಬೆಲೆಯೇರಿಕೆ ಜೋರಾಗಿರುವ ವರ್ಷಗಳಲ್ಲಿ ಈ ಪೆಟ್ಟು ಕಡಿಮೆ. ರೂಪಾಯಿಯ ಅಂಕಿ ಹಾಗೇ ನಿಂತಿದ್ದರೂ ಅದರ ಬೆಲೆ ಒಳಗಿಂದೊಳಗೇ ಕರಗುತ್ತಿರುತ್ತದಲ್ಲ. ಆ ಪ್ರಬಂಧ 2019ರಲ್ಲಿ ಬಂತು. ಬಾವಿಯ ನೀರು ಮಳೆಗೆ ಏರಿ ಬಿಸಿಲಿಗೆ ಇಳಿಯುತ್ತದೆ. ಕೂಲಿ ಹಾಗಲ್ಲ, ಬಾವಿಯ ಕಲ್ಲಿನ ಮೇಲೆ ಉಳಿದ ನೀರಿನ ಗೆರೆಯ ಹಾಗೆ.

ತೋಟಿಗರು ಇದನ್ನು ಕೇಳಿದರೆ, "ನೋಡಿದೆಯಾ, ನಾವು ಹೇಳಿದ್ದು ಅದೇ, ಕೂಲಿ ಇಳಿಯೋದೇ ಇಲ್ಲ" ಎನ್ನುತ್ತಾರೆ. ಅದೇ ಬಾಯಲ್ಲಿ ಅರ್ಧ ಮಾತು ಉಳಿದುಬಿಡುತ್ತದೆ. ಕೂಲಿ ಇಳಿಯದಿದ್ದಾಗ ನಾವು ಕರೆಯುವ ದಿನ ಇಳಿಸುತ್ತೇವೆ. ನನ್ನದೇ ಹಳೆಯ ಖರ್ಚಿನ ಪುಸ್ತಕ ತೆಗೆದು ಹುಡುಗಿಯ ಜೊತೆ ಕೂತು ಎಣಿಸಿದೆ. ಆಳು ಬೇಕೇಬೇಕು ಎಂದು ನಾನು ಒದ್ದಾಡಿದ ದಿನಗಳು ಇಡೀ ವರ್ಷದಲ್ಲಿ ನಲವತ್ತನ್ನು ಮೀರಲಿಲ್ಲ. ಉಳಿದ ಮುನ್ನೂರ ಇಪ್ಪತ್ತೈದು ದಿನ ನನಗೆ ಗೌಡ ನೆನಪಾಗಿದ್ದಿಲ್ಲ.

ಮಂಡ್ಯದ ಕಡೆ ಹಿಂದೆ ಒಬ್ಬಾಕೆ ಡಾಕ್ಟರೇಟ್‌ಗಾಗಿ ಇದನ್ನೇ ಇನ್ನೊಂದು ಮಗ್ಗುಲಿನಿಂದ ನೋಡಿದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು. 1954ರಿಂದ 56ರ ತನಕ ಎರಡು ಹಳ್ಳಿಗಳಲ್ಲಿದ್ದರು. ವಂಗಲ, ದಲೇನ ಎಂದು ಊರಿನ ಹೆಸರು ಮರೆಮಾಚಿ ಬರೆದರು. ಕಾಲುವೆ ನೀರು ಬಂದ ವಂಗಲದಲ್ಲಿ ಒಕ್ಕಲಿಗರ ಮನೆಗೆ ತಲೆಮಾರಿನಿಂದ ದುಡಿಯುತ್ತಿದ್ದ ಆದಿಕರ್ನಾಟಕದವರಿಗೆ ಸುಗ್ಗಿಯಲ್ಲಿ ಕೊಡುವ ಧಾನ್ಯದ ಅಳತೆ ನಿಗದಿಯಾಗಿತ್ತು. ಬೆಳೆ ಹೆಚ್ಚಾಗಲಿ, ಕಡಿಮೆಯಾಗಲಿ, ಅಳತೆ ಅದೇ. ಕೆಟ್ಟ ವರ್ಷ ಒಡೆಯನಿಗೂ ಆಳಿಗೂ ಹೆಚ್ಚು ಕಡಿಮೆ ಸಮಪಾಲು, ಒಳ್ಳೆಯ ವರ್ಷ ಹೆಚ್ಚಾದದ್ದೆಲ್ಲ ಒಡೆಯನಿಗೆ. ಆಳಿಗೆ ಅದು ವಿಮೆ. ಹುಟ್ಟಿನ ಕಾರಣಕ್ಕೆ ಒಂದು ಮನೆಗೆ ಕಟ್ಟಿಹಾಕಿಸಿಕೊಂಡು ಆ ವಿಮೆಯ ಕಂತು ಕಟ್ಟಬೇಕಿತ್ತು. ಇದು ನನ್ನ ಮಾತು, ಎಪ್‌ಸ್ಟೈನ್ ಅವರದ್ದಲ್ಲ. ನಮ್ಮ ಗೌಡನಿಗೆ ಆ ಕಟ್ಟೂ ಇಲ್ಲ, ಆ ಅಳತೆಯೂ ಇಲ್ಲ. ಅವನ ಕೈಲಿರುವುದು ಫೋನು.

ಹುಡುಗಿ ಬೆಂಗಳೂರಿಗೆ ಹೋಗಿ ನವೆಂಬರಿನಲ್ಲಿ ಮತ್ತೆ ಬಂದಳು. ಆಗ ಕೊನೆಕೊಯ್ಲು. ಅಂಗಳದಲ್ಲಿ ಚಪ್ಪರ, ಚಪ್ಪರದ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತ ಹೆಂಗಸರು, ಪ್ರತಿಯೊಬ್ಬರ ಮುಂದೆ ಮೆಟ್ಟುಗತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ, ಅಡಿಕೆಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಹೂವಿನ ಹಾಗೆ ಬಿಡಿಸಿಕೊಳ್ಳುತ್ತದೆ. ಹುಡುಗಿ ಕೂತು ನೋಡಿ, ತಾನೂ ಸುಲಿಯುತ್ತೇನೆಂದು ಹೋಗಿ ಎಂಟನೆಯ ಅಡಿಕೆಗೆ ಹೆಬ್ಬೆರಳು ಕೊಯ್ದುಕೊಂಡಳು. ಹೆಂಗಸರು ಅರಿಶಿನ ಒತ್ತಿ ಬಟ್ಟೆ ಕಟ್ಟಿ ನಕ್ಕರು. ಆಮೇಲೆ ಅವಳ ಜೊತೆ ಬಿಚ್ಚಿ ಮಾತಾಡಿದರು. ನಾಲ್ಕು ತಿಂಗಳ ಪ್ರಶ್ನೆಗಳಿಗೆ ಸಿಗದ ಸಲಿಗೆ ಆ ಗಾಯಕ್ಕೆ ಸಿಕ್ಕಿತು.

ಇವರ ಕೂಲಿ ದಿನದ ಲೆಕ್ಕದ್ದಲ್ಲ, ಡಬ್ಬದ ಲೆಕ್ಕದ್ದು. ಸುಲಿದಷ್ಟು ದುಡ್ಡು. ಅರ್ಥಶಾಸ್ತ್ರದವರು ಇದನ್ನು ಹೆಚ್ಚು ದುಡಿಸುವ ಉಪಾಯ ಎಂದು ನೋಡುತ್ತಾರಂತೆ. ಹೆಂಗಸರು ಹೇಳಿದ್ದು ಬೇರೆ. ಸಂಜೆ ಮನೆಯ ಅಡುಗೆ ಮಾಡಿಟ್ಟು, ಹಸು ಕರೆದು, ಮಕ್ಕಳಿಗೆ ಬಡಿಸಿ ಏಳೂವರೆಗೆ ಬರಬಹುದು, ಹತ್ತಕ್ಕೆ ಎದ್ದು ಹೋಗಬಹುದು. ತಡವಾಯಿತೆಂದು ಯಾರೂ ಅನ್ನುವ ಹಾಗಿಲ್ಲ. 2019ರಲ್ಲಿ ದೇಶದಾದ್ಯಂತ ಮೊದಲ ಸಲ ಸಮಯದ ಬಳಕೆಯ ಸಮೀಕ್ಷೆ ನಡೆದಾಗ, ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕಳೆಯುವುದು ಕಂಡಿತು. ಆ 299 ನಿಮಿಷ ಮುಗಿದ ಮೇಲೆ ಉಳಿದ ತುಂಡು ಹೊತ್ತನ್ನು ಕೊಳ್ಳುವುದು ಡಬ್ಬದ ಲೆಕ್ಕ ಮಾತ್ರ. ಹುಡುಗಿಯ ಹಾಳೆಯಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಚೌಕವಿತ್ತು, ರಾತ್ರಿಗೆ ಇರಲಿಲ್ಲ. ಅವತ್ತು ಸ್ಕೇಲಿಟ್ಟು ಮೂರನೆಯ ಸಾಲು ಎಳೆದಳು.

ಆ ಚಳಿಗಾಲದಲ್ಲೇ ಪಕ್ಕದ ಊರಿಗೆ ಸುಲಿಯುವ ಯಂತ್ರವೂ ನಮ್ಮ ಊರಿಗೆ ಕಾರ್ಬನ್ ಫೈಬರ್ ದೋಟಿಯೂ ಬಂದವು. ನೆಲದಲ್ಲೇ ನಿಂತು ಅಷ್ಟೆತ್ತರದ ಕೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಆಳು ಸಿಗೋದಿಲ್ಲ ಎಂಬ ಮಾತಿನಿಂದಲೇ ಹುಟ್ಟಿದ ಸಲಕರಣೆ. ಗೌಡ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಚೆನ್ನಾಗಿದೆ ಎಂದ. ತನ್ನ ಮಗನಿಗೆ ಅದನ್ನು ಕಲಿಯಲು ಹೇಳಿದ್ದಾನೆ. ಮರ ಹತ್ತಲು ಕಲಿಸಲಿಲ್ಲವೇ ಎಂದು ಹುಡುಗಿ ಕೇಳಿದರೆ, ಅವನು ತನ್ನ ಎಡಗಾಲಿನ ಹರಡನ್ನು ತೋರಿಸಿದ. ಹಳೆಯ ಮುರಿತ, ಓರೆಯಾಗಿ ಕೂಡಿಕೊಂಡಿದೆ. ಬಿದ್ದದ್ದು ಎಲ್ಲಿ ಎಂದು ಅವಳು ಕೇಳಲಿಲ್ಲ. ನನ್ನ ತೋಟದಲ್ಲಿ, ಹನ್ನೊಂದು ವರ್ಷದ ಹಿಂದೆ. ಆ ದಿನದ ನನ್ನ ದಿನಚರಿಯಲ್ಲಿ ಮಂಗಟ್ಟೆ ಎರಡು, ಮಳೆ 31 ಮಿ.ಮೀ. ಎಂದಷ್ಟೇ ಇದೆ.

ಫೆಬ್ರವರಿಯಲ್ಲಿ ಅವಳು ಹೊರಟಳು. ಪುಸ್ತಕಗಳನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದ್ದಳು, ಜೊತೆಗೆ ಎಲ್ಲ ಹಾಳೆಗಳ ಫೋಟೋ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ರಾಂಪುರವೆಂಬ ಹಳ್ಳಿಯಲ್ಲಿ ಕೂತು ಮಾಡಿದ ಟಿಪ್ಪಣಿಗಳನ್ನು ಆಧರಿಸಿ ವರ್ಷಗಳ ಕಾಲ ತಿದ್ದಿ ಸಿದ್ಧಪಡಿಸಿದ್ದೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದದ್ದನ್ನು ಅವಳಿಗೆ ಹೇಳಿ ಹೆದರಿಸಿದವನು ನಾನೇ. ನೆನಪಿನಿಂದಲೇ ಅವರು ಬರೆದ ಪುಸ್ತಕ ಜಗತ್ತೇ ಓದಿತು, ನಿಜ. ಆದರೆ ನೆನಪಿನಿಂದ ಒಂದು ಊರನ್ನು ಬರೆಯಬಹುದು, ಯಾರದೋ ಮುಕ್ಕಾಲು ದಿನವನ್ನು ಬರೆಯಲಾಗುವುದಿಲ್ಲ.

ನನ್ನ ದಿನಚರಿಯಲ್ಲಿ ಈಗ ಒಂದು ಗೆರೆ ಹೆಚ್ಚಾಗಿದೆ. "ಆಳು ಬಂದಿಲ್ಲ" ಎಂದು ಬರೆದು ನಿಲ್ಲಿಸುವುದನ್ನು ಬಿಟ್ಟಿದ್ದೇನೆ. ಸಂಜೆ ಗೌಡನಿಗೆ ಫೋನು ಮಾಡಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿ ಬರೆಯುತ್ತೇನೆ. ಮೊದಮೊದಲು ಅವನಿಗೆ ಅನುಮಾನವಿತ್ತು, ಈಗ ಅವನೇ ಮಾಡುತ್ತಾನೆ.

ಜುಲೈ 24, 2025. ಪುಷ್ಯ ಮಳೆ. 88 ಮಿ.ಮೀ. ಬಾವಿಕಟ್ಟೆಯಲ್ಲಿ ಮಡಿವಾಳ ಒಂದು, ಹೆಣ್ಣು. ಕಾಜಾಣ ಕಾಣಲಿಲ್ಲ. ಗೌಡ ಬಂದಿಲ್ಲ. ಎಲ್ಲಿಗೂ ಹೋಗಿಲ್ಲ. ಆರನೆಯ ದಿನ.